ಲೇಪಾಕ್ಷಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಮುಂಚೆ

ಪ್ರಶ್ನೆ: ನಾವು ಆಂಧ್ರದ ಗಡಿಯಲ್ಲಿರುವ ಮಡಕಶಿರಾ ಹತ್ತಿರದ ಹಳ್ಳಿಯವರು. ಮಗಳಿಗೆ 11 ವರ್ಷ, ಮಗನಿಗೆ 6. ಹೋದ ದಸರಾ ರಜೆಯಲ್ಲಿ ಲೇಪಾಕ್ಷಿಯ ವೀರಭದ್ರನ ಗುಡಿಗೆ ಹೋಗಿದ್ದೆವು. ಗೈಡನ್ನೂ ಮಾಡಿಕೊಂಡೆವು. ಹತ್ತೇ ನಿಮಿಷಕ್ಕೆ ಮಗ 'ಮನೆಗೆ ಹೋಗೋಣ' ಅಂತ ಅಳೋಕೆ ಶುರು ಮಾಡಿದ. ಮಗಳು ಒಂದು ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಳು. ನಮ್ಮ ಮನೆಯವರಿಗೆ ಸಿಟ್ಟು ಬಂದು, 'ಇವಕ್ಕೆ ತೋರಿಸೋದೇ ದಂಡ' ಅಂದರು. ಈ ಸಂಕ್ರಾಂತಿಗೆ ಬೆಂಗಳೂರಿನಿಂದ ಅಕ್ಕನ ಇಬ್ಬರು ಮಕ್ಕಳೂ ಬರುತ್ತಿದ್ದಾರೆ. ಮತ್ತೆ ಹೋಗಬೇಕಾ? ನನಗೂ ಶಿಲ್ಪ, ಚಿತ್ರ ಅಂದರೆ ಏನೂ ಗೊತ್ತಿಲ್ಲ. ಮಕ್ಕಳಿಗೆ ಏನು ಅಂತ ಹೇಳಲಿ?

ಉತ್ತರ: ಹೋಗಿ. ಅಲ್ಲಿ ನೀವು ಜಾಸ್ತಿ ಏನೂ ಹೇಳಬೇಕಾಗಿಲ್ಲ. ನಿಮಗೆ ಏನೂ ಗೊತ್ತಿಲ್ಲದಿರೋದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಗೊತ್ತಿದ್ದವರು ಏನು ಮಾಡುತ್ತಾರೆ ಅಂತ ನನ್ನ ಕತೆಯನ್ನೇ ಹೇಳುತ್ತೇನೆ, ಕೇಳಿ.

ಮೂವತ್ತು ವರ್ಷಕ್ಕೂ ಜಾಸ್ತಿ ಈ ಗಡಿ ಕಡೆಯ ಕನ್ನಡ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಮೊದಲ ಸಲ ಹುಡುಗರನ್ನು ಲೇಪಾಕ್ಷಿಗೆ ಕರೆದುಕೊಂಡು ಹೋದಾಗ ರಾತ್ರಿಯೆಲ್ಲ ಓದಿಕೊಂಡು ಹೋಗಿದ್ದೆ. ನಾಟ್ಯ ಮಂಟಪದಲ್ಲಿ ನಲವತ್ತು ಜನರನ್ನು ಸಾಲಾಗಿ ಕೂರಿಸಿ ಶುರು ಮಾಡಿದೆ. ವಿಜಯನಗರ, ಅಚ್ಯುತರಾಯ, ಗುಡಿ ಕಟ್ಟಿಸಿದ ವಿರೂಪಣ್ಣ, ಅವನ ತಮ್ಮ ವೀರಣ್ಣ, 1530ರ ಆಸುಪಾಸು. ಒಬ್ಬ ಹುಡುಗ ಮಾತ್ರ ನನ್ನ ಮುಖ ನೋಡುತ್ತಿರಲಿಲ್ಲ. ಅವನ ಕಣ್ಣು ನನ್ನ ಹಿಂದೆ ಎಲ್ಲೋ ಇತ್ತು. 'ಎಲ್ಲಿ ನೋಡ್ತಾ ಇದ್ದೀಯೋ' ಅಂತ ಗದರಿದೆ. ಅವನು ಹೆದರಿಕೊಂಡೇ ಹೇಳಿದ: 'ಸಾರ್, ಆವಪ್ಪನಿಗೆ ಮೂರು ಕಾಲು.'

ತಿರುಗಿ ನೋಡಿದೆ. ನಾನು ಅರ್ಧ ಗಂಟೆಯಿಂದ ಬೆನ್ನು ಹಾಕಿ ನಿಂತಿದ್ದ ಕಂಬದಲ್ಲಿ ಭೃಂಗಿ ಇದ್ದ. ಹೌದು, ಮೂರು ಕಾಲು. ಶಿವನಿಗೆ ಮಾತ್ರ ಕೈಮುಗಿಯುತ್ತೇನೆ, ಪಾರ್ವತಿಗೆ ಮುಗಿಯಲ್ಲ ಅಂತ ಹಟ ಹಿಡಿದು, ಅವಳ ಕೋಪಕ್ಕೆ ಮೈಯ ಶಕ್ತಿಯನ್ನೆಲ್ಲ ಕಳೆದುಕೊಂಡ ಋಷಿ ಅವನು. ಬೀಳದೆ ನಿಲ್ಲಲಿ ಅಂತ ಶಿವ ಮೂರನೇ ಕಾಲು ಕೊಟ್ಟ. ಇಲ್ಲಿ ಅವನು ನಾಟ್ಯದ ಗುರು. ಸುತ್ತಲಿನ ಕಂಬಗಳಲ್ಲಿ ರಂಭೆ ಕುಣಿಯುತ್ತಾಳೆ, ಬ್ರಹ್ಮ ಮದ್ದಳೆ ಬಾರಿಸುತ್ತಾನೆ, ತುಂಬುರು ಇದ್ದಾನೆ. ಒಂದು ಇಡೀ ಮೇಳವೇ ಕಲ್ಲಾಗಿ ನಿಂತಿದೆ. ನಾನು ಅದರ ನಡುವೆ ನಿಂತು ಇಸವಿ ಹೇಳುತ್ತಿದ್ದೆ.

ಆಮೇಲೆ ನನ್ನ ಪಾಠ ಯಾರಿಗೆ ಬೇಕು? ನಲವತ್ತೂ ಜನ ಎದ್ದು ಕಂಬದ ಸುತ್ತ ಸೇರಿದರು. ಇಬ್ಬರು ಹುಡುಗರು ಹೆಗಲಿಗೆ ಕೈ ಹಾಕಿಕೊಂಡು, ಒಳಗಿನ ಕಾಲು ಎರಡನ್ನೂ ಒಂದಕ್ಕೊಂದು ಅಂಟಿಸಿ, ಸ್ಪೋರ್ಟ್ಸ್ ದಿನದ ಮೂರು ಕಾಲಿನ ಓಟದ ಹಾಗೆ ನಿಂತು ಭೃಂಗಿಯಂತೆ ಕುಣಿಯೋಕೆ ನೋಡಿದರು. ಬಿದ್ದರು. ಎದ್ದು ಮತ್ತೆ ಕಂಬ ನೋಡಿದರು. 'ಸಾರ್, ಅವನ ಸೊಂಟ ನೋಡಿ, ಹಿಂಗೆ ವಾಲಿದೆ, ಅದಕ್ಕೇ ಬೀಳ್ತಾ ಇಲ್ಲ' ಅಂದರು. ಶಿಲ್ಪಿ ಭಾರವನ್ನು ಎಲ್ಲಿ ನಿಲ್ಲಿಸಿದ್ದಾನೆ ಅನ್ನೋದನ್ನು ಅಷ್ಟು ಚೆನ್ನಾಗಿ ನಾನಂತೂ ಯಾವತ್ತೂ ಪಾಠ ಮಾಡಿಲ್ಲ.

ನಿಮ್ಮ ಮಕ್ಕಳಿಗೆ ಬೇಜಾರಾಗಿದ್ದು ಶಿಲ್ಪ ನೋಡಿ ಅಲ್ಲ, ಕೇಳಿಸಿಕೊಂಡು. ಗೈಡನ್ನು ನಾನು ಬೈಯುತ್ತಿಲ್ಲ. ಅವರು ದೊಡ್ಡವರಿಗೆ ಬೇಕಾದ್ದನ್ನು ಹೇಳುತ್ತಾರೆ, ಅದು ಅವರ ಹೊಟ್ಟೆಪಾಡು. ಆದರೆ ಆರು ವರ್ಷದ ಮಗು ಕಣ್ಣಿಗಿಂತ ಮೊದಲು ಕಾಲಲ್ಲಿ ನೋಡುತ್ತದೆ, ಕೈಯಲ್ಲಿ ನೋಡುತ್ತದೆ. ಅದಕ್ಕೊಂದು ಕೆಲಸ ಕೊಡಿ, ಸಾಕು.

ಕೆಲಸ ಹಿಂದಿನ ರಾತ್ರಿಯಿಂದಲೇ ಶುರು. ಮಲಗುವಾಗ ಒಂದು ಕತೆ ಹೇಳಿ, ಒಂದೇ. ಲೇಪಾಕ್ಷಿಯ ಚಾವಣಿಯಲ್ಲಿ ಬಣ್ಣದ ಚಿತ್ರವಾಗಿರುವ ಕತೆಗಳಲ್ಲಿ ಮನುನೀತಿ ಚೋಳನದು ಒಂದು. ರಾಜ ಅರಮನೆ ಬಾಗಿಲಿಗೆ ಗಂಟೆ ಕಟ್ಟಿಸಿದ್ದ. ಅನ್ಯಾಯವಾದವರು ಯಾರು ಬೇಕಾದರೂ ಬಂದು ಬಾರಿಸಬಹುದು. ಒಂದು ದಿನ ಗಂಟೆ ಬಾರಿಸಿತು. ಹೊರಗೆ ಬಂದು ನೋಡಿದರೆ ಒಂದು ಹಸು! ಅದರ ಕರು ರಾಜಕುಮಾರನ ರಥದ ಗಾಲಿಗೆ ಸಿಕ್ಕಿ ಸತ್ತಿತ್ತು. ಇಲ್ಲಿಗೆ ನಿಲ್ಲಿಸಿಬಿಡಿ. 'ಆಮೇಲೆ?' ಅಂತ ಕೇಳೇ ಕೇಳುತ್ತಾನೆ. 'ನಾಳೆ ಆ ಹಸು ಎಲ್ಲಿದೆ ಅಂತ ಹುಡುಕಿದರೆ ಹೇಳ್ತೀನಿ' ಅನ್ನಿ. ಈಗ ನಿಮ್ಮ ಮಗ ಗುಡಿಗೆ ಹೋಗುತ್ತಿರೋದು ಕಲೆ ನೋಡೋಕೆ ಅಲ್ಲ, ಒಂದು ಹಸುವನ್ನು ಹುಡುಕೋಕೆ. ಎಷ್ಟು ವ್ಯತ್ಯಾಸ ನೋಡಿ. ದೊಡ್ಡವಳಿಗೆ ಕಿರಾತಾರ್ಜುನೀಯ ಹೇಳಬಹುದು. ಬೇಡನ ವೇಷದ ಶಿವನೂ ಅರ್ಜುನನೂ ಒಂದೇ ಹಂದಿಗೆ ಬಾಣ ಬಿಟ್ಟು 'ನಂದು, ನಂದು' ಅಂತ ಜಗಳ ಕಾಯ್ದ ಕತೆ. ಅಣ್ಣ ತಂಗಿ ಇರುವ ಯಾವ ಮನೆಯಲ್ಲಿ ಈ ಜಗಳ ಇಲ್ಲ ಹೇಳಿ.

ಬೆಳಿಗ್ಗೆ ಬೇಗ ಹೊರಡಿ. ಗುಡಿಯೊಳಗೆ ಚಪ್ಪಲಿ ಇಲ್ಲ. ಸಂಕ್ರಾಂತಿಯ ಹೊತ್ತಲ್ಲೂ ಮಧ್ಯಾಹ್ನಕ್ಕೆ ಅಂಗಳದ ಬಂಡೆ ಕಾಯುತ್ತದೆ. ಹೋದ ಸಲ ನಿಮ್ಮ ಮಗ ಅತ್ತಿದ್ದು ಕಾಲು ಸುಟ್ಟಿದ್ದಕ್ಕೂ ಇರಬಹುದು. ಕೇಳಿ ನೋಡಿದ್ದೀರಾ? ಹಳೇ ಸಾಕ್ಸ್ ಒಂದೊಂದು ಜೊತೆ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಜೊತೆಗೆ ಒಂದು ಶೇವಿಂಗ್ ಕನ್ನಡಿ, ಪೆನ್ಸಿಲ್, ಗೆರೆ ಇಲ್ಲದ ನೋಟ್‌ಬುಕ್, ಡಬ್ಬಿಯಲ್ಲಿ ಒಂದು ಉಂಡೆ ಚಪಾತಿ ಹಿಟ್ಟು. ಹಿಟ್ಟು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹಿಂದೂಪುರ ದಾಟಿ ಲೇಪಾಕ್ಷಿಗೆ ಬಂದ ಮೇಲೆ ಸೀದಾ ಗುಡಿಗೆ ಹೋಗಬೇಡಿ. ಮೊದಲು ನಂದಿ ಹತ್ತಿರ ಇಳಿಯಿರಿ. ಗುಡಿಯಿಂದ ಕೂಗಳತೆ ದೂರದಲ್ಲಿ, ಬಯಲಲ್ಲಿ ಕೂತಿದೆ. ಒಂದೇ ಬಂಡೆ. ಸುಮಾರು 27 ಅಡಿ ಉದ್ದ, 15 ಅಡಿ ಎತ್ತರ. ಈ ಅಂಕಿಯನ್ನು ಮಕ್ಕಳಿಗೆ ಹೇಳಬೇಡಿ, ಅವರೇ ಅಳೆಯಲಿ. ಮೂತಿಯಿಂದ ಬಾಲದವರೆಗೆ ಎಷ್ಟು ಹೆಜ್ಜೆ? ಎಷ್ಟು ಜನ ಮಕ್ಕಳು ಕೈ ಹಿಡಿದು ನಿಂತರೆ ಒಂದು ನಂದಿ? ಕೊರಳ ಸುತ್ತ ಗಂಟೆಯ ಸರ ಇದೆ. ಎಣಿಸೋಕೆ ಶುರು ಮಾಡಿದರೆ ತಾವಾಗಿಯೇ ಹಿಂದಕ್ಕೆ ಹೋಗುತ್ತಾರೆ, ಪಕ್ಕಕ್ಕೆ ಬರುತ್ತಾರೆ, ಕತ್ತು ಎತ್ತುತ್ತಾರೆ. ಒಂದು ಶಿಲ್ಪವನ್ನು ಸುತ್ತಿ ನೋಡೋದು ಅಂದರೆ ಅದೇ. ದೊಡ್ಡವರು ಎದುರಿಗೆ ನಿಂತು ಸೆಲ್ಫಿ ತೆಗೆದುಕೊಂಡು ಹೊರಟುಬಿಡುತ್ತಾರೆ. ನಂದಿಯ ಬೆನ್ನು ಹೇಗಿದೆ ಅಂತ ಕೇಳಿ ನೋಡಿ, ಯಾರಿಗೂ ಗೊತ್ತಿರಲ್ಲ.

ಹತ್ತಿರದ ಬಂಡೆಯ ಮೇಲೆ ಜಟಾಯುವಿನ ದೊಡ್ಡ ಪ್ರತಿಮೆ ಇದೆ, ಈಗಿನ ಕಾಲದ್ದು. ಊರಿನ ಹೆಸರಿಗೆ ಜನ ಹೇಳುವ ಕತೆಯೂ ಜಟಾಯುವಿನದೇ. ರೆಕ್ಕೆ ಕಡಿಸಿಕೊಂಡು ಬಿದ್ದ ಹಕ್ಕಿಗೆ ರಾಮ 'ಲೇ, ಪಕ್ಷಿ' ಅಂದನಂತೆ, ಏಳು ಹಕ್ಕಿ ಅಂತ. ನಿಮ್ಮ ಮಕ್ಕಳಿಗೆ ಇದು ಹೇಳಿದ ತಕ್ಷಣ ಹತ್ತುತ್ತದೆ. ಬೆಂಗಳೂರಿನ ಅಕ್ಕನ ಮಕ್ಕಳಿಗೆ ತೆಲುಗು ಬಿಡಿಸಿ ಹೇಳಬೇಕು. ಆ ಕೆಲಸವನ್ನು ನಿಮ್ಮ ಮಗಳಿಗೇ ಬಿಡಿ. ಗಡಿಯಲ್ಲಿ ಹುಟ್ಟಿದ್ದಕ್ಕೆ ನಮ್ಮ ಮಕ್ಕಳು ಎರಡು ಭಾಷೆಯ ಪುಸ್ತಕದ ಭಾರ ಹೊರುತ್ತಾರೆ, ಒಂದು ದಿನವಾದರೂ ಅದರಿಂದ ದೊಡ್ಡಸ್ತಿಕೆ ತೋರಿಸಲಿ.

ಗುಡಿಯೊಳಗೆ ಎಲ್ಲರೂ ಓಡೋದು ತೂಗಾಡುವ ಕಂಬಕ್ಕೆ. ಸುಮಾರು 70 ಕಂಬಗಳಲ್ಲಿ ಅದೊಂದು ನೆಲಕ್ಕೆ ಪೂರ್ತಿ ಊರಿಲ್ಲ, ಅಡಿಯಲ್ಲಿ ಬಟ್ಟೆ ತೂರಿಸಿ ಈ ಕಡೆಯಿಂದ ಆ ಕಡೆಗೆ ಎಳೆಯಬಹುದು. ಎಳೆಯಲಿ, ಮಜಾ ಇದೆ. ಆದರೆ ಜನ ಜಾಸ್ತಿ ಇದ್ದರೆ ಅಲ್ಲಿ ಕಾಯುತ್ತಾ ಮಕ್ಕಳ ಉತ್ಸಾಹ ಕರಗಿಸಬೇಡಿ. ಬರುವಾಗ ನೋಡಿದರಾಯಿತು.

ಕನ್ನಡಿ ಬೇಕಾಗೋದು ಈಗ. ಲೇಪಾಕ್ಷಿಯ ನಿಜವಾದ ಸೊತ್ತು ತಲೆಯ ಮೇಲಿದೆ. ಮಂಟಪದ ಚಾವಣಿಗೆ ಸುಣ್ಣದ ಗಾರೆ ಬಳಿದು, ಅದರ ಮೇಲೆ ಕೆಮ್ಮಣ್ಣಿನ ಕೆಂಪು, ಹಳದಿ, ಕಪ್ಪು, ಹಸಿರು, ಬಿಳಿಯಲ್ಲಿ ಚಿತ್ರ ಬರೆದಿದ್ದಾರೆ. ಉದ್ದುದ್ದ ಪಟ್ಟಿಗಳು. ಒಂದರ ಪಕ್ಕ ಒಂದು ದೃಶ್ಯ, ಕಾಮಿಕ್ಸ್ ಓದಿದ ಹಾಗೆ ಓದಿಕೊಂಡು ಹೋಗಬೇಕು. ಕಷ್ಟ ಏನಪ್ಪಾ ಅಂದರೆ ಕತ್ತು. ಎರಡು ನಿಮಿಷ ಮೇಲೆ ನೋಡಿದರೆ ನಮಗೇ ನೋಯುತ್ತದೆ, ಮಗು ಸುಮ್ನೆ ನಿಲ್ಲುತ್ತಾ? ಕನ್ನಡಿಯನ್ನು ಹೊಟ್ಟೆಯ ಮಟ್ಟದಲ್ಲಿ ಅಂಗಾತ ಹಿಡಿದು ಅದರೊಳಗೆ ನೋಡೋಕೆ ಹೇಳಿ. ಚಾವಣಿ ಕೈಗೇ ಬರುತ್ತದೆ. ಕನ್ನಡಿ ಹಿಡಿದು ಮೆಲ್ಲಗೆ ನಡೆದರೆ ಚಿತ್ರಗಳು ಸಿನಿಮಾ ಥರ ಸರಿಯುತ್ತವೆ. ಒಂದು ಸಲ ಒಬ್ಬಳು ಹುಡುಗಿ ಕನ್ನಡಿ ನೋಡಿ, ಮೇಲೆ ನೋಡಿ, ಮತ್ತೆ ಕನ್ನಡಿ ನೋಡಿ, 'ಸಾರ್, ಮೇಲೆ ಈ ಕಡೆ ಹೋಗ್ತಿದ್ದಾರೆ, ಕೆಳಗೆ ಆ ಕಡೆ' ಅಂದಳು. ಕನ್ನಡಿಯಲ್ಲಿ ಎಡ ಬಲ ಅದಲು ಬದಲಾಗಿತ್ತು. ಅದನ್ನು ಪತ್ತೆ ಮಾಡೋಕೆ ಅವಳು ಆ ಮೆರವಣಿಗೆಯ ಒಬ್ಬೊಬ್ಬರನ್ನೂ ಎರಡೆರಡು ಸಲ ನೋಡಿದ್ದಳು.

ಕಾಲ ಹೋದ ಹಾಗೆ ಬಣ್ಣ ಎಷ್ಟೋ ಕಡೆ ಉದುರಿದೆ. 'ಅಯ್ಯೋ, ಹಾಳಾಗಿದೆ' ಅಂತ ನಾವು ಮುಂದೆ ಹೋಗುತ್ತೇವೆ. ಮಕ್ಕಳಿಗೆ ಅದೇ ಒಳ್ಳೆಯ ಆಟ. ಅರ್ಧ ಉಳಿದಿರುವ ಒಂದು ಆಕೃತಿ ಹುಡುಕಿ, ಉಳಿದ ಅರ್ಧವನ್ನು ನೋಟ್‌ಬುಕ್‌ನಲ್ಲಿ ಪೂರ್ತಿ ಮಾಡಲಿ. ಕೈಯಲ್ಲಿ ಏನಿತ್ತು, ಕತ್ತಿಯೋ, ಬಾಳೆಹಣ್ಣೋ, ಅವರಿಷ್ಟ. ತಿದ್ದೋಕೆ ಹೋಗಬೇಡಿ.

ಹನ್ನೊಂದರ ಮಗಳ ವಿಷಯ ಬೇರೆ. ಆ ವಯಸ್ಸಿಗೆ ಚಿಕ್ಕ ಮಕ್ಕಳ ಆಟ ಅಂದರೆ ನಾಚಿಕೆ. ಮೊಬೈಲ್ ಕಿತ್ತುಕೊಳ್ಳಬೇಡಿ. ಕೊಟ್ಟು, 'ಐದೇ ಫೋಟೋ' ಅನ್ನಿ. ಆರನೆಯದು ಬೇಕಿದ್ದರೆ ಒಂದನ್ನು ಅಳಿಸಬೇಕು. ಫ್ಲಾಶ್ ಬೇಡ, ಹಳೆಯ ಬಣ್ಣಕ್ಕೆ ಒಳ್ಳೆಯದಲ್ಲ. ನೂರು ಫೋಟೋ ತೆಗೆಯುವ ಹುಡುಗಿ ಏನನ್ನೂ ನೋಡಲ್ಲ, ಐದೇ ತೆಗೆಯಬೇಕಾದವಳು ಪ್ರತಿಯೊಂದರ ಮುಂದೆಯೂ ನಿಲ್ಲುತ್ತಾಳೆ, ವಾಪಸ್ ಬರುತ್ತಾಳೆ, ಯೋಚನೆ ಮಾಡುತ್ತಾಳೆ. ಇನ್ನೂ ಒಂದು ಇದೆ. ಚಿತ್ರಗಳಲ್ಲಿರುವ ಹೆಂಗಸರ ಸೀರೆ ನೋಡೋಕೆ ಹೇಳಿ. ಪಟ್ಟೆ, ಚೌಕಳಿ, ಹೂವು, ಒಂದರಂತೆ ಇನ್ನೊಂದಿಲ್ಲ. ಗಂಡಸರ ತಲೆಯ ಮೇಲೆ ಉದ್ದನೆಯ ಕುಲಾವಿ. ಅವಳಿಗೆ ಇಷ್ಟವಾದ ಒಂದು ಅಂಚನ್ನು ನೋಟ್‌ಬುಕ್‌ಗೆ ಇಳಿಸಿಕೊಳ್ಳಲಿ. ಹೊರಗೆ ಲತಾ ಮಂಟಪದ ಕಂಬಗಳ ಮೇಲೂ ಇಂಥ ಬಳ್ಳಿ, ಹೂವಿನ ವಿನ್ಯಾಸ ಬೇಕಾದಷ್ಟಿವೆ. ಮನೆಗೆ ಬಂದ ಮೇಲೆ ನಿಮ್ಮ ಬೀರು ತೆಗೆದು, ಮದುವೆಯ ಧರ್ಮಾವರಂ ಸೀರೆಯ ಅಂಚಿನ ಪಕ್ಕ ಅದನ್ನು ಇಟ್ಟು ನೋಡಿ. ಆ ಸಂಜೆ ಹೇಗೆ ಹೋಯಿತು ಅಂತಲೇ ಗೊತ್ತಾಗಲ್ಲ.

ಅಷ್ಟು ಹೊತ್ತಿಗೆ ಚಿಕ್ಕವನಿಗೆ ಹಸಿವು. ಹೊರಗಿನ ಅಂಗಳಕ್ಕೆ ಬನ್ನಿ. ಅಲ್ಲಿ ನೆಲದ ಬಂಡೆಯಲ್ಲೇ ದುಂಡನೆಯ ತಟ್ಟೆಗಳನ್ನು ಕೊರೆದಿದ್ದಾರೆ, ಒಳಗೆ ಬಟ್ಟಲಿನ ಹಾಗೆ ಚಿಕ್ಕ ಚಿಕ್ಕ ಗುಳಿಗಳು. ಕೆಲಸಗಾರರ ಊಟದ ತಟ್ಟೆ ಅಂತ ಕೆಲವರು, ಬಣ್ಣ ಕಲೆಸೋಕೆ ಅಂತ ಕೆಲವರು. ಇದನ್ನು ಮಕ್ಕಳೇ ತೀರ್ಮಾನ ಮಾಡಲಿ. ಪಲ್ಯ ಎಲ್ಲಿ, ಉಪ್ಪಿನಕಾಯಿ ಎಲ್ಲಿ, ಮುದ್ದೆ ಹಿಡಿಸುತ್ತಾ? ಒಬ್ಬ ಪುಟ್ಟ ನನ್ನ ಕೈಲಿ ವಾದ ಮಾಡಿದ್ದ: 'ಸಾರ್, ತಟ್ಟೆ ತೊಳೆಯೋದು ಹೆಂಗೆ?' ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ.

ಅಲ್ಲೇ ಏಳು ಹೆಡೆಯ ನಾಗಲಿಂಗ ಇದೆ. ಜನ ಹೇಳುವ ಕತೆ ಮಕ್ಕಳಿಗೆ ತುಂಬಾ ಇಷ್ಟ. ಶಿಲ್ಪಿಗಳ ತಾಯಿ ಅಡುಗೆ ಮಾಡುತ್ತಿದ್ದಳಂತೆ. ಊಟ ರೆಡಿ ಆಗೋವರೆಗೂ ಸುಮ್ನೆ ಯಾಕೆ ಕೂರೋದು ಅಂತ ಮಕ್ಕಳು ಎದುರಿಗಿದ್ದ ಬಂಡೆಯನ್ನೇ ಕೆತ್ತಿ ನಾಗಪ್ಪನನ್ನು ಮಾಡಿಬಿಟ್ಟರು. ಅಡುಗೆ ಮುಗಿಸಿ ಬಂದ ತಾಯಿ ನೋಡಿ ಬೆರಗಾದಳು, ಅವಳ ದೃಷ್ಟಿ ತಾಕಿ ಕಲ್ಲು ಬಿರುಕು ಬಿಟ್ಟಿತು. ಬಿರುಕು ಹುಡುಕಲಿ. ಈಗ ಹಿಟ್ಟಿನ ಡಬ್ಬಿ ತೆಗೆಯಿರಿ. ಗುಡಿಯಿಂದ ಆಚೆ ಬಂದು, ಮರದ ನೆರಳಲ್ಲಿ ಕೂತು, 'ನಾನು ಚಿತ್ರಾನ್ನ ಬಡಿಸೋದರೊಳಗೆ ನೀವೂ ಒಂದು ನಾಗಪ್ಪ ಮಾಡಿ' ಅನ್ನಿ. ಯಾವ ಬಿರುಕು, ಯಾವ ಹೆಡೆ, ಎಲ್ಲ ನೆನಪಾಗುತ್ತದೆ. ನೆನಪಾಗದಿದ್ದರೆ ಅವರೇ ಓಡಿಹೋಗಿ ನೋಡಿ ಬರುತ್ತಾರೆ. ಮೇಷ್ಟ್ರಾಗಿ ನನಗೆ ಇಡೀ ದಿನದಲ್ಲಿ ಅತಿ ಖುಷಿಯ ಹೊತ್ತು ಅದೇ, ಯಾರೂ ಹೇಳದೆ ಮಗು ಎರಡನೇ ಸಲ ನೋಡೋಕೆ ಓಡೋದು.

ಹಿಟ್ಟನ್ನು ಶಿಲ್ಪಕ್ಕೆ ಒತ್ತಿ ಅಚ್ಚು ತೆಗೆಯೋಕೆ ಮಾತ್ರ ಬಿಡಬೇಡಿ. ಮುಟ್ಟುವ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ, 'ಮುಟ್ಟಬೇಡ' ಅಂತ ಹತ್ತು ಸಲ ಕಿರುಚಿದರೆ ಅದಷ್ಟೇ ನೆನಪಿರುತ್ತದೆ. ಜನ ಸವರಿ ಸವರಿ ಎಣ್ಣೆಗಟ್ಟಿ ಕಪ್ಪಾದ ಒಂದು ಕಲ್ಲನ್ನೂ, ಯಾರ ಕೈಯೂ ತಾಕದ ಎತ್ತರದ ಒಂದು ಕಲ್ಲನ್ನೂ ತೋರಿಸಿ. ವ್ಯತ್ಯಾಸ ಅವರೇ ಹೇಳುತ್ತಾರೆ. ಗೋಡೆ ಗೀಚಿ ತಮ್ಮ ಹೆಸರು, ಹುಡುಗಿಯ ಹೆಸರು ಕೆತ್ತಿದ ಮಹಾನುಭಾವರೂ ಸಿಗುತ್ತಾರೆ. 2022ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದ ಗುಡಿ ಇದು, ಆದರೂ ನಮ್ಮ ಜನಕ್ಕೆ ಮೊಳೆ ಸಿಕ್ಕರೆ ಸಾಕು.

ಗೋಡೆ ಅಂದಾಗ ನೆನಪಾಯಿತು. ಅಲ್ಲಿ ಹಳೆಯ ಕನ್ನಡ ಅಕ್ಷರದ ಶಾಸನಗಳಿವೆ. ಓದೋಕೆ ಬರಲ್ಲ, ಬೇಕಾಗೂ ಇಲ್ಲ. ನಾಲ್ಕೂ ಮಕ್ಕಳು ತಂತಮ್ಮ ಹೆಸರಿನ ಒಂದು ಅಕ್ಷರವನ್ನು ಕಲ್ಲಿನಲ್ಲಿ ಹುಡುಕಲಿ. ರ, ಗ, ನ ಬೇಗ ಸಿಗುತ್ತವೆ. ಮೊದಲು ಸಿಕ್ಕವರಿಗೆ ಹೆಚ್ಚಿಗೆ ಒಂದು ಹಿಡಿ ಕಡ್ಲೆಕಾಯಿ.

ಒಂದೂವರೆ ಗಂಟೆ ಆಯಿತಾ? ಹೊರಡಿ. 'ಇನ್ನೂ ಸ್ವಲ್ಪ ಹೊತ್ತು' ಅಂತ ಮಕ್ಕಳು ಗೋಗರೆಯುವಾಗಲೇ ಹೊರಡಬೇಕು. ಒಂದೇ ಮೈಗೆ ಮೂರು ತಲೆ ಇರುವ ಹಸುವಿನ ಕೆತ್ತನೆ ನೋಡಿಲ್ಲ, ಅರ್ಧಕ್ಕೇ ನಿಂತುಹೋದ ಕಲ್ಯಾಣ ಮಂಟಪ ನೋಡಿಲ್ಲ, ಗರ್ಭಗುಡಿ ಹತ್ತಿರದ ದೊಡ್ಡ ವೀರಭದ್ರನ ಚಿತ್ರ ನೋಡಿಲ್ಲ ಅಂತ ಮನೆಯವರು ಗೊಣಗಬಹುದು. ನೋಡದೆ ಉಳಿದದ್ದು ಇರಲಿ. ನಮಗೇನು, ಡೆಲ್ಲಿಯಿಂದ ಬಂದವರಾ? ಹಿಂದೂಪುರದ ಸಂತೆಗೆ ಹೋದಾಗ ಇನ್ನೊಮ್ಮೆ ಹೋಗಿ ಬರಬಹುದು. ಟಿಕೆಟ್‌ನ ದುಡ್ಡಿಗೆ ತಕ್ಕಷ್ಟು ನೋಡಿಬಿಡಬೇಕು ಅನ್ನೋದು ದೂರದ ಪ್ರವಾಸಿಗರ ಕಷ್ಟ.

ನನ್ನ ಕೇಳಿದರೆ, ನಾಲ್ಕು ಮಕ್ಕಳಿಗೆ ಲೇಪಾಕ್ಷಿಗಿಂತ ಹೇಮಾವತಿ ಇನ್ನೂ ಒಳ್ಳೆಯದು. ನಮ್ಮ ಪಕ್ಕದ ಅಮರಾಪುರಂ ಕಡೆಯದೇ. ಹಳೆಯ ಹೆಸರು ಹೆಂಜೇರು, ನೊಳಂಬ ಅರಸರ ರಾಜಧಾನಿ, ಲೇಪಾಕ್ಷಿಗಿಂತ ಐದಾರು ನೂರು ವರ್ಷ ಹಿಂದಿನದು. ಸಿದ್ದೇಶ್ವರ ಗುಡಿಯಲ್ಲಿ ಶಿವ ಲಿಂಗವಾಗಿಲ್ಲ, ಮನುಷ್ಯನಂತೆ ಕೂತಿದ್ದಾನೆ. ಕಪ್ಪು ಕಲ್ಲನ್ನು ಕನ್ನಡಿ ಹಾಗೆ ನಯ ಮಾಡಿದ ಕಂಬಗಳಿವೆ. ಜನ ಕಡಿಮೆ, ಯಾರೂ 'ನಡೀರಿ, ನಡೀರಿ' ಅನ್ನಲ್ಲ, ಮಕ್ಕಳು ನೆಲದ ಮೇಲೆ ಕೂತು ಬರೆಯಬಹುದು. ಇಷ್ಟು ಹತ್ತಿರ ಇದೆ ಅನ್ನೋ ಒಂದೇ ಕಾರಣಕ್ಕೆ ನಾವು ಅದನ್ನು ನೋಡಿರಲ್ಲ.

ಇನ್ನೊಂದು ರಜೆಗೆ ನಿಮ್ಮಲಕುಂಟ ಇಟ್ಟುಕೊಳ್ಳಿ, ಧರ್ಮಾವರಂ ಹತ್ತಿರ. ತೊಗಲುಗೊಂಬೆ ಮಾಡುವವರ ಊರು. ಅಲ್ಲಿಯ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಮೇಕೆ ಚರ್ಮವನ್ನು ಹದ ಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಉಳಿಯಲ್ಲಿ ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ಕೈಯಲ್ಲಿ ಹಿಡಿದಾಗ ಅದು ಬರೀ ತೂತು. ಹಿಂದೆ ದೀಪ ಇಟ್ಟರೆ ಅದೇ ಸೀತೆಯ ಮೂಗುಬೊಟ್ಟು, ರಾವಣನ ಕಿರೀಟದ ಹರಳು. ಚಿತ್ರ ಹೇಗೆ ಹುಟ್ಟುತ್ತದೆ ಅಂತ ಕಣ್ಣೆದುರೇ ಕಾಣುವ ಜಾಗ ಅದು. ಕೆಲಸ ಮಾಡುತ್ತಿರುವ ಕೈಯನ್ನು ಮಕ್ಕಳು ಎಷ್ಟು ಹೊತ್ತು ಬೇಕಾದರೂ ನೋಡುತ್ತಾರೆ.

ಮನೆಗೆ ಬಂದ ಮೇಲೆ 'ಏನು ಕಲಿತೆ?' ಅಂತ ಕೇಳಬೇಡಿ, ಅಜ್ಜಿ ಮುಂದೆ ಒಪ್ಪಿಸೋಕೂ ಹೇಳಬೇಡಿ. ಬರೆದದ್ದನ್ನು ಕ್ಯಾಲೆಂಡರ್ ಪಕ್ಕ ಅಂಟಿಸಿ, ಅಷ್ಟೇ. ರಾತ್ರಿ ಹಸುವಿನ ಕತೆಯ ಬಾಕಿ ಹೇಳೋದು ಮರೆಯಬೇಡಿ, ಮಾತು ಕೊಟ್ಟಿದ್ದೀರಿ. ರಾಜ ತನ್ನ ಮಗನಿಗೇ ಶಿಕ್ಷೆ ಕೊಟ್ಟ, ಕೊನೆಗೆ ಶಿವ ಬಂದು ಎಲ್ಲರನ್ನೂ ಬದುಕಿಸಿದ. ಕರುವನ್ನೂ. ಅದನ್ನು ಸೇರಿಸದಿದ್ದರೆ ನಿದ್ದೆ ಮಾಡಲ್ಲ.

ಇಷ್ಟೆಲ್ಲ ಮಾಡಿಯೂ ಚಿಕ್ಕವನು ಹತ್ತೇ ನಿಮಿಷಕ್ಕೆ ಅತ್ತರೆ? ಅಳಲಿ. ಮನೆಯವರು ಅವನನ್ನು ಕರೆದುಕೊಂಡು ಹೊರಗೆ ಹೋಗಿ ನಂದಿ ಹತ್ತಿರ ಕಡ್ಲೆಕಾಯಿ ಬಿಡಿಸುತ್ತಾ ಕೂತಿರಲಿ. ನೀವು ಕನ್ನಡಿ ಹಿಡಿದು ಒಳಗೆ ಹೋಗಿ. ಹೋದ ಸಲ ಮಕ್ಕಳ ಹಿಂದೆ ಓಡೋದರಲ್ಲಿ ನೀವು ಚಾವಣಿ ನೋಡಿಯೇ ಇಲ್ಲ ಅಲ್ವಾ? ಪಾರ್ವತಿ ಮದುವೆಯ ಚಿತ್ರ ಹುಡುಕಿ. ಹೆಣ್ಣಿನ ಕಡೆಯವರು ಯಾವ ಯಾವ ಸೀರೆ ಉಟ್ಟು ಬಂದಿದ್ದಾರೆ ಅಂತ ಸಾವಕಾಶವಾಗಿ ನೋಡಿ ಬನ್ನಿ.